ಒಬ್ಬಟ್ಟು ತಿಂದು ಹೊರಬಿದ್ದ ಅಂಪೈರ್

ನೆದರ್ಲೆಂಡ್ಸಿನ ಆಲ್ಮೆರೆಯಲ್ಲಿ ನಮ್ಮ ಮನೆಗೆ ಗೋಡೆ ಅಂಟಿಸಿಕೊಂಡೇ ಇದ್ದ ಪಕ್ಕದ ಮನೆಯ ಹಿರಿಯರು ಈ ಚಳಿಗಾಲದ ಕೊನೆಯಲ್ಲಿ ತೀರಿಕೊಂಡರು. ಐರ್ಲೆಂಡಿನವರು. ಡಚ್ ಹೆಂಡತಿಯನ್ನು ಹಿಂಬಾಲಿಸಿ ಈ ದೇಶಕ್ಕೆ ಬಂದು, ನೈಮೆಗನ್ನಿನ ವಿಶ್ವವಿದ್ಯಾಲಯದಲ್ಲಿ ಆಯುಷ್ಯವೆಲ್ಲ ಇತಿಹಾಸ ಪಾಠ ಹೇಳಿ, ಹೆಂಡತಿ ಹೋದ ಮೇಲೆ ಮಗಳಿಗೆ ಹತ್ತಿರವಿರಲೆಂದು ನೀರು ಬತ್ತಿಸಿ, ಸಮುದ್ರಮಟ್ಟಕ್ಕಿಂತ ಕೆಳಗೆ ಕಟ್ಟಿದ ನಮ್ಮ ಊರಿಗೆ ಬಂದವರು. "ಇತಿಹಾಸದ ಮೇಷ್ಟ್ರು ಕೊನೆಗಾಲದಲ್ಲಿ ಇತಿಹಾಸವೇ ಇಲ್ಲದ ಊರಿನಲ್ಲಿರಬೇಕು. ಇಲ್ಲಿ ನನ್ನ ತಾತನ ಕಾಲದಲ್ಲಿ ಮೀನುಗಳಿದ್ದವು, ಅವು ಯಾವ ಪಕ್ಷಕ್ಕೂ ಸೇರಿರಲಿಲ್ಲ" ಎನ್ನುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದುಕೊಳ್ಳುವವರನ್ನು ಕಂಡರೆ ಅವರ ಮನೆತನಕ್ಕೇ ಆಗುತ್ತಿರಲಿಲ್ಲ. ಕಾರಣ ಮುಂದೆ ಬರುತ್ತದೆ. ಅವರು ಆಡುತ್ತಿದ್ದದ್ದು ಇಂಗ್ಲಿಷು. ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಉಳಿದಿರುವುದರಿಂದ ಹಾಗೆಯೇ ಕೊಡುತ್ತಿದ್ದೇನೆ.

ಪರಿಚಯವಾದದ್ದು ಆಟದ ಬಯಲಿನಲ್ಲಿ. ನಮ್ಮ ಕನ್ನಡ ಸಂಘದ ಕ್ರಿಕೆಟ್ ತಂಡ ಭಾನುವಾರಗಳಲ್ಲಿ ಕಾಲುವೆಯಾಚೆಯ ಬಯಲಿನಲ್ಲಿ ಚಾಪೆ ಹಾಸಿ, ಬಾತುಗಳನ್ನು ಓಡಿಸಿ, ಗಾಳಿಯ ವಿರುದ್ಧ ಆಡುತ್ತದೆ. ಎದುರಾಳಿ ಯಾರೇ ಇರಲಿ, ಮೊದಲ ಎದುರಾಳಿ ಗಾಳಿ. ನನ್ನ ಮೊಣಕಾಲುಗಳು ರಾಜೀನಾಮೆ ಕೊಟ್ಟ ಮೇಲೆ ನಾನು ಸ್ಕೋರ್ ಬರೆಯುವ ಹುದ್ದೆಯನ್ನು ಅಲಂಕರಿಸಿದ್ದೆ. ಒಂದು ದಿನ ಪಕ್ಕದ ಮನೆಯ ಈ ಮುದುಕರು ಸೈಕಲ್ಲಿಗೆ ಒರಗಿ ನಿಂತು, ಟೊಪ್ಪಿಗೆ ತೆಗೆದು, ನನ್ನನ್ನು ಕೇಳಿದರು: "ನೋಡಬಹುದೇ?"

"ಧಾರಾಳವಾಗಿ ನೋಡಿ. ಟಿಕೆಟ್ ಇಲ್ಲ" ಎಂದೆ.

"ಟಿಕೆಟ್ ಮಾತಲ್ಲ. ನೋಡಿದವರಿಗೆ ಏನೂ ಮಾಡುವುದಿಲ್ಲ ತಾನೆ?"

ನಾನು ನಕ್ಕೆ. ಅವರು ನಗಲಿಲ್ಲ. ಆಟ ಮುಗಿಯುವವರೆಗೂ ನಿಂತೇ ನೋಡಿದರು. ಮುಂದಿನ ವಾರ ಮತ್ತೆ ಬಂದರು. ಕೆಲವು ವಾರಗಳಲ್ಲಿ ಕ್ರಿಕೆಟ್ಟಿನ ನಿಯಮಗಳ ಪುಸ್ತಕ ತರಿಸಿ, ಒಂದು ದೇಶದ ಸಂವಿಧಾನವನ್ನು ಓದುವಂತೆ ಅಂಚಿನಲ್ಲಿ ಟಿಪ್ಪಣಿ ಹಾಕಿ ಓದಿದರು. ಜನ್ಮದಲ್ಲಿ ಬ್ಯಾಟು ಹಿಡಿದವರಲ್ಲ. ಆದರೆ ನಮ್ಮಲ್ಲಿ ಬ್ಯಾಟು ಹಿಡಿದವರೆಲ್ಲರಿಗಿಂತ ನ್ಯಾಯವಾಗಿ ಯೋಚಿಸುತ್ತಿದ್ದರು. ಹಾಗಾಗಿ ನಮ್ಮ ಅಂಪೈರಾದರು. ಔಟ್ ಕೊಡುವಾಗ ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ಬೆರಳೆತ್ತುತ್ತಿದ್ದರು. ಔಟಾದವನಿಗೆ ತನ್ನ ಶವಸಂಸ್ಕಾರದಲ್ಲಿ ತಾನೇ ಪಾಲ್ಗೊಂಡ ಅನುಭವವಾಗುತ್ತಿತ್ತು. ಆದರೆ ಜಗಳ ಮಾತ್ರ ನಿಂತುಹೋಯಿತು. ಅಂಥ ಸಂತಾಪವನ್ನು ಎದುರಿಸಿ ಯಾರು ಜಗಳವಾಡುತ್ತಾರೆ?

ಅವರು ಪಾಠ ಹೇಳುತ್ತಿದ್ದದ್ದು ತಮ್ಮ ದೇಶ ಸ್ವತಂತ್ರವಾದ ಮೇಲಿನ ವರ್ಷಗಳ ಕಥೆಯನ್ನು. "ಸ್ವಾತಂತ್ರ್ಯದ ಹೋರಾಟವನ್ನು ಎಲ್ಲರೂ ಕಲಿಸುತ್ತಾರೆ. ಹಾಡು, ಬಾವುಟ, ಹುತಾತ್ಮರು ಎಲ್ಲ ಅದರಲ್ಲಿದೆ. ನಾನು ಮಾರನೆಯ ಬೆಳಗಿನಿಂದ ಶುರು ಮಾಡುತ್ತೇನೆ" ಎನ್ನುತ್ತಿದ್ದರು. ಮಾರನೆಯ ಬೆಳಗ್ಗೆ ಅವರ ದೇಶದವರು ಮಾಡಿದ ಮೊದಲ ಘನಕಾರ್ಯಗಳಲ್ಲಿ ಒಂದು, ಕೆಂಪು ಅಂಚೆಪೆಟ್ಟಿಗೆಗಳಿಗೆಲ್ಲ ಹಸಿರು ಬಣ್ಣ ಬಳಿದದ್ದು. ಎರಕ ಹೊಯ್ದ ಕಬ್ಬಿಣವಾದ್ದರಿಂದ ಇಂಗ್ಲಿಷ್ ರಾಜನ ಮುದ್ರೆ ಹಸಿರಿನ ಕೆಳಗೆ ಉಬ್ಬಿಕೊಂಡೇ ಉಳಿಯಿತು. "ಬಾಲ್ಯದಲ್ಲಿ ಕಾಗದ ಹಾಕುವಾಗ ಬೆರಳಿನಿಂದ ಆ ಕಿರೀಟ ತಡವುತ್ತಿದ್ದೆ. ನನ್ನ ಇಡೀ ಕೋರ್ಸು ಅಷ್ಟೇ. ಪರೀಕ್ಷೆಗೂ ಅದೇ ಬರುತ್ತೆ."

ಅವರ ದೇಶದ ಎರಡು ದೊಡ್ಡ ಪಕ್ಷಗಳ ನೀತಿಯಲ್ಲಿ ಏನು ವ್ಯತ್ಯಾಸ ಎಂದು ಒಮ್ಮೆ ಕೇಳಿದೆ. ಬಹಳ ಹೊತ್ತು ಯೋಚಿಸಿ, "ಇವರ ತಾತ ಅವರ ತಾತನ ಮೇಲೆ ಗುಂಡು ಹಾರಿಸಿದ್ದ. ಉಳಿದಂತೆ ಪ್ರಣಾಳಿಕೆ ಒಂದೇ" ಎಂದರು. ಬ್ರಿಟಿಷರೊಡನೆ ಮಾಡಿಕೊಂಡ ಒಪ್ಪಂದವನ್ನು ಒಪ್ಪುವುದೋ ಬಿಡುವುದೋ ಎಂಬ ಪ್ರಶ್ನೆಗೆ ಸ್ವಾತಂತ್ರ್ಯ ಗೆದ್ದವರೇ ಎರಡು ಪಾಲಾಗಿ ಪರಸ್ಪರ ಹೊಡೆದಾಡಿದ್ದರು. ಅವರ ತಂದೆ ಒಪ್ಪಂದದ ಕಡೆ, ಚಿಕ್ಕಪ್ಪ ವಿರುದ್ಧ. ತಂದೆ ಹೊಸ ಸರ್ಕಾರದ ಸಮವಸ್ತ್ರ ತೊಟ್ಟರು, ಚಿಕ್ಕಪ್ಪ ಗುಡ್ಡ ಹತ್ತಿದರು. ಯುದ್ಧ ಮುಗಿದ ಮೇಲೆ ಇಬ್ಬರೂ ಊರಿಗೆ ಮರಳಿ ಊರ ಹರ್ಲಿಂಗ್ ತಂಡ ಸೇರಿದರು. ಹರ್ಲಿಂಗ್ ಎಂದರೆ ಅವರ ದೇಶೀ ಆಟ. ಹಾಕಿಗೂ ಮಾರಾಮಾರಿಗೂ ನಡುವಿನದು. ಪಂದ್ಯದ ಮೊದಲ ಚೆಂಡನ್ನು ಬಿಷಪ್ಪರು ಎಸೆಯಬೇಕು, ನಾಯಕರು ಮಂಡಿಯೂರಿ ಅವರ ಉಂಗುರಕ್ಕೆ ಮುತ್ತಿಡಬೇಕು, ಆಮೇಲೆ ಕೋಲು ಬೀಸಬೇಕು. ಚಿಕ್ಕಪ್ಪ ಗೋಲ್‌ಕೀಪರ್, ತಂದೆ ಅವನ ಮುಂದೆ ನಿಂತು ಗೋಲು ಕಾಯುವವರು. "ಹಿಂದಿನ ವರ್ಷ ಅಪ್ಪನ ಬೆನ್ನಿಗೆ ಗುರಿಯಿಟ್ಟಿರಬಹುದಾದವನು ಈಗ ಅದೇ ಬೆನ್ನಿನ ಹಿಂದೆ ನಿಂತು 'ಅಣ್ಣಾ, ಎಡಕ್ಕೆ!' ಎಂದು ಕೂಗುತ್ತಿದ್ದ. ನನ್ನ ದೇಶ ಮಾಡಿದ ಅತ್ಯಂತ ದೊಡ್ಡ ಕೆಲಸ ಅದು. ಪಾರ್ಲಿಮೆಂಟಿನಲ್ಲಿ ಮಾಡಲಿಲ್ಲ, ಕೆಸರಿನಲ್ಲಿ ಮಾಡಿತು."

ಹಾಗಾದರೆ ಅಂತರ್ಯುದ್ಧ ಬೇರೆ ಮಾಡಲಾರದ ಅಣ್ಣತಮ್ಮಂದಿರನ್ನು ಬೇರೆ ಮಾಡಿದ್ದು ಯಾವುದು? ಕ್ರಿಕೆಟ್.

ದೇಶೀ ಆಟಗಳ ಸಂಘಕ್ಕೆ ಒಂದು ನಿಯಮವಿತ್ತು. ಸದಸ್ಯರು ಪರದೇಶದ ಆಟಗಳನ್ನು, ಎಂದರೆ ಇಂಗ್ಲಿಷರ ಆಟಗಳನ್ನು, ಆಡಕೂಡದು. ಆಡುವುದಿರಲಿ, ನೋಡಲೂ ಕೂಡದು. ನೋಡಿದವರನ್ನು ನೋಡುವುದಕ್ಕೆಂದೇ ಜಾಗೃತ ಸಮಿತಿಗಳಿದ್ದವು. ಆ ಸಮಿತಿಯವರು ಫುಟ್‌ಬಾಲ್ ಪಂದ್ಯಗಳಿಗೆ ಹೋಗಿ, ಆಟಕ್ಕೆ ಬೆನ್ನು ಮಾಡಿ, ಪ್ರೇಕ್ಷಕರ ಮುಖ ನೋಡುತ್ತ ನಿಲ್ಲುತ್ತಿದ್ದರಂತೆ. ಒಂದು ಭಾನುವಾರ ಇವರ ತಂದೆ ಸೈಕಲ್ಲಿನಲ್ಲಿ ಹೋಗುತ್ತ ಹಳೆಯ ಜಮೀನ್ದಾರರ ಬಯಲಿನ ಪಕ್ಕ ಇಳಿದರು. ಗೋಡೆಯಾಚೆ ಕ್ರಿಕೆಟ್ ನಡೆದಿತ್ತು. ಆ ಬಯಲಿನಲ್ಲೇ ಇವರ ತಾತ ಕುದುರೆಲಾಯದ ಆಳುಗಳ ತಂಡದಲ್ಲಿ ಆಡಿದ್ದರು. ಆ ಕಾರಣಕ್ಕೋ ಏನೋ, ಗೋಡೆಗೆ ಒರಗಿ ಒಂದಿಷ್ಟು ಹೊತ್ತು ನೋಡಿದರು. ಹೆಸರು ಬರೆದುಕೊಂಡವರು ಒಬ್ಬರಿದ್ದರು. ತಮ್ಮನೇ. ತಂದೆಯನ್ನು ತಂಡದಿಂದ ಹೊರಹಾಕಿದರು. ಅವರಿಲ್ಲದೆ ಜಿಲ್ಲಾ ಫೈನಲ್ ಆಡಿ ಊರಿನವರು ಸೋತರು.

"ಚಿಕ್ಕಪ್ಪನಿಗೆ ಪಶ್ಚಾತ್ತಾಪವಾಗಲಿಲ್ಲವೇ?" ಎಂದೆ.

"ಆಗಬೇಕಾದ್ದು ಅಪ್ಪನಿಗೆ ಎಂಬುದು ಅವನ ಅಭಿಪ್ರಾಯ. ಫೈನಲ್ ಸೋತದ್ದು ಅಪ್ಪ ಬರಲಿಲ್ಲ ಎಂದೇ ಅಲ್ಲವೇ? ಸಾಯುವವರೆಗೂ ಕ್ಷಮಿಸಲಿಲ್ಲ."

ಈ ಕಥೆಯನ್ನು ಅವರಿಗೆ ಹೇಳಿದ್ದು ತಾಯಿ. ಆಕೆ ಶಾಲೆಯಲ್ಲಿ ಟೀಚರಾಗಿದ್ದವರು. ಮದುವೆಯಾದೊಡನೆ ಹೆಂಗಸರು ಕೆಲಸ ಬಿಡಬೇಕೆಂಬ ಕಾಯಿದೆ ಬಂದಿತ್ತು, ಬಿಟ್ಟರು. "ಆಟ ನೋಡಿದ್ದಕ್ಕೆ ನಿಮ್ಮಪ್ಪನನ್ನು ಹೊರಹಾಕಿದರು. ನಿಮ್ಮಪ್ಪನನ್ನು ಮದುವೆಯಾದದ್ದಕ್ಕೆ ನನ್ನನ್ನು ಹೊರಹಾಕಿದರು. ನನ್ನ ತಪ್ಪು ಹೆಚ್ಚು ಗಂಭೀರವಾದದ್ದು" ಎನ್ನುತ್ತಿದ್ದರಂತೆ. ಮಗನಿಗೆ ಆ ನಾಲಿಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಈಗ ನಮ್ಮ ಸಂಘದ ಅಂತರ್ಯುದ್ಧಕ್ಕೆ ಬರಬೇಕು. ರಾಜ್ಯೋತ್ಸವದ ದಿನ ಊಟ ಮೊದಲೋ ಭಾಷಣ ಮೊದಲೋ ಎಂಬ ಮೂಲಭೂತ ಪ್ರಶ್ನೆ ಎದ್ದು, ಆರೂವರೆ ಕೋಟಿ ಕನ್ನಡಿಗರ ಭವಿಷ್ಯ ಅದರ ಮೇಲೆಯೇ ನಿಂತಿದೆಯೆಂಬಂತೆ ಚರ್ಚೆಯಾಗಿ, ಸಂಘ ಒಡೆಯಿತು. ಊಟ ಮೊದಲು ಎಂದವರು ಹೋಗಿ ಬೇರೆ ಸಂಘ ಕಟ್ಟಿದರು. ಭಾಷಣ ಮೊದಲು ಎಂದವರು ಹಳೆಯ ಸಂಘದಲ್ಲಿ ಉಳಿದೆವು. ನಾನೂ ಉಳಿದೆ, ತತ್ತ್ವಕ್ಕಾಗಿ ಅಲ್ಲ, ಅಂದು ನನ್ನ ಭಾಷಣವಿತ್ತು. ಹೊಸ ಸಂಘಕ್ಕೆ ಅಡುಗೆಯವರೆಲ್ಲ ಹೋದರು. ನಮಗೆ ಮೈಕು ಉಳಿಯಿತು.

ಇದನ್ನು ನಾನು ನೆರೆಯವರಿಗೆ ವರದಿ ಮಾಡಿದಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. "ಒಂದೇ ಪ್ರಶ್ನೆ. ಆಟದ ತಂಡ ಎರಡಾಯಿತೇ?"

"ಇಲ್ಲ. ಅವರಲ್ಲಿ ಆಡುವವರಿಲ್ಲ."

"ದೇವರು ದೊಡ್ಡವನು" ಎಂದು ಒರಗಿಕೊಂಡರು.

ದೇವರು ದೊಡ್ಡವನಾದರೂ ನಮ್ಮ ಅಧ್ಯಕ್ಷ ನಾಗೇಂದ್ರ ಸಣ್ಣವನಲ್ಲ. ಬೆಂಗಳೂರಿನ ಬಸವನಗುಡಿಯವನು, ಸಾಫ್ಟ್‌ವೇರ್ ಪರೀಕ್ಷಿಸುವ ವೃತ್ತಿ, ಕ್ರಿಕೆಟ್ ತಂಡಕ್ಕೂ ಅವನೇ ನಾಯಕ. ಒಳ್ಳೆಯವನು, ಎಲ್ಲಿ ಬಿರುಕಿದ್ದರೂ ನಿಯಮ ಹಚ್ಚಿ ಮುಚ್ಚಬಹುದೆಂದು ನಂಬಿದವನು. ಅವನ ಸಮಿತಿ ಎರಡು ಠರಾವು ಮಾಡಿತು. ಒಂದು, ನಮ್ಮ ಅಂಪೈರರನ್ನು ಸಂಘದ ಗೌರವ ಪೋಷಕರನ್ನಾಗಿ ಮಾಡಿ ಮೈಸೂರು ಪೇಟ ತೊಡಿಸುವುದು. ಇನ್ನೊಂದು, ಆ ಸಂಘದ ಊಟದಲ್ಲಿ ಪಾಲ್ಗೊಂಡವರು ಈ ಸಂಘದ ಯಾವ ಚಟುವಟಿಕೆಯಲ್ಲೂ, ತಂಡದಲ್ಲೂ, ಇರಕೂಡದು. ಎರಡನೆಯದನ್ನು ಪೋಷಕರಿಗೆ ಯಾರೂ ಹೇಳಲಿಲ್ಲ. ಪೇಟ ಮಾತ್ರ ಅವರಿಗೆ ಚೆನ್ನಾಗಿ ಒಪ್ಪಿತು.

ಯುಗಾದಿ ಬಂತು. ಅದರ ಜೊತೆಗೆ ಸುಮಾಳ ಫೋಟೋ ಬಂತು.

ಸುಮಾ ಗದಗಿನವಳು. ನೈಮೆಗನ್ನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಪ್ರತಿ ಭಾನುವಾರ ರೈಲು ಬದಲಾಯಿಸಿಕೊಂಡು ಆಲ್ಮೆರೆಗೆ ಬಂದು ನಮ್ಮ ತಂಡಕ್ಕೆ ಸ್ಪಿನ್ ಹಾಕುತ್ತಿದ್ದಳು. ನಮ್ಮಲ್ಲಿ ಚೆಂಡನ್ನು ತಿರುಗಿಸಬಲ್ಲವಳು ಅವಳೊಬ್ಬಳೇ. ಉಳಿದವರದನ್ನು ಗಾಳಿ ತಿರುಗಿಸುತ್ತಿತ್ತು. ಯುಗಾದಿಯ ದಿನ ಸ್ನೇಹಿತೆ ಕರೆದಳೆಂದು ಆ ಸಂಘದ ಊಟಕ್ಕೆ ಹೋಗಿದ್ದಾಳೆ. ತಟ್ಟೆಯಲ್ಲಿ ಒಬ್ಬಟ್ಟು, ಮುಖದಲ್ಲಿ ಪರಮಾನಂದ; ಫೋಟೋ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತು. ನಮ್ಮ ಕಾಲದ ಜಾಗೃತ ಸಮಿತಿ ಬಿಸಿಲಿನಲ್ಲಿ ನಿಲ್ಲಬೇಕಾಗಿಲ್ಲ, ಸೋಫಾದಲ್ಲಿ ಬಿದ್ದುಕೊಂಡೇ ಕೆಲಸ ಮಾಡುತ್ತದೆ. ಸಂಜೆಯೊಳಗೆ ನಾಗೇಂದ್ರನಿಂದ ಅವಳಿಗೆ ಸಂದೇಶ ಹೋಯಿತು: ವಿಷಾದಿಸುತ್ತೇವೆ, ತಂಡದಿಂದ ಕೈಬಿಡಲಾಗಿದೆ.

ಮಾರನೆಯ ದಿನ ಅವಳು ನೇರ ನಮ್ಮ ಮನೆಗೆ ಬಂದಳು. ಅಡುಗೆಮನೆಯಲ್ಲಿ ಪಕ್ಕದ ಮನೆಯ ಹಿರಿಯರೂ ಚಹಾ ಕುಡಿಯುತ್ತ ಕುಳಿತಿದ್ದರು.

"ಅಣ್ಣಾರ, ನಾ ಹೋಳಿಗಿ ತಿನ್ನಾಕ ಹೋಗಿದ್ನಿರಿ, ಪಾರ್ಟಿ ಬದ್ಲಿ ಮಾಡಾಕಲ್ಲ!" ಎಂದು ಶುರುಮಾಡಿದಳು. "ಲ್ಯಾಬ್‌ನ್ಯಾಗ ಎಲ್ಲಾರೂ ಊಟಕ್ಕ ಕುಂತಾಗ ಡಚ್ ಮಾತಾಡ್ತಾರ. ನಾ ಬ್ರೆಡ್ ಕಡ್ಕೋತ ಕುಂತಿರ್ತೀನಿ. ವಾರಕ್ಕ ಒಂದಿನ ಇಲ್ಲಿ ಬಂದು ಬಾಯ್ತುಂಬ ಒದರ್ತಿದ್ದೆ. ಅದನ್ನೂ ಕಸ್ಕೊಂಡ್ರಲ್ಲ. ಇನ್ ನಾ ಬರಂಗಿಲ್ರಿ. ಆಯಿತವಾರನೂ ರೂಮ್‌ನ್ಯಾಗ ಕುಂದರ್ತೀನಿ." ಕೊನೆಯ ಮಾತು ಹೇಳುತ್ತಲೇ ಅವಳು ಕಿಟಕಿಯ ಕಡೆ ತಿರುಗಿದಳು.

ಹಿರಿಯರು ನನ್ನನ್ನು ಏನೆಂದು ಕೇಳಿದರು. ನಾನು ನಿಯಮವನ್ನೂ ಫೋಟೋವನ್ನೂ ವಿವರಿಸಿದೆ. ಅವರ ಮುಖದಲ್ಲಿ ಸಿಟ್ಟು ಬರಬಹುದೆಂದುಕೊಂಡಿದ್ದೆ. ಬಂದದ್ದು ಹಳೆಯ ಪರಿಚಯದವರನ್ನು ರಸ್ತೆಯಲ್ಲಿ ಕಂಡಾಗ ಬರುವಂಥ ಭಾವ. ಸಮಾಧಾನದ ಒಂದು ಮಾತನ್ನೂ ಆಡದೆ ಸುಮಾಳನ್ನು ಕೇಳಿದರು: "ಆ ತಿಂಡಿ ಹೇಗಿತ್ತು?"

ಅವಳು ಮೂಗೊರೆಸಿಕೊಂಡು ಇಂಗ್ಲಿಷಿನಲ್ಲಿ, "ತುಂಬಾ ಚೆನ್ನಾಗಿತ್ತು" ಎಂದಳು.

"ಸದ್ಯ. ಕಳಪೆಯಾಗಿದ್ದರೆ ನಷ್ಟವಾಗುತ್ತಿತ್ತು" ಎಂದು ಟೊಪ್ಪಿಗೆ ಹಾಕಿಕೊಂಡು, ಆ ಸಂಘದ ಅಧ್ಯಕ್ಷರ ಮನೆಯ ದಾರಿ ಕೇಳಿಕೊಂಡು, ಸೈಕಲ್ ಹತ್ತಿದರು.

ಅಲ್ಲಿ ನಡೆದದ್ದು ಆಮೇಲೆ ತಿಳಿಯಿತು. ಗಂಟೆ ಒತ್ತಿ, "ನಾನು ಹಳೆಯ ಸಂಘದ ಪೋಷಕ. ನಿಮ್ಮ ಯುಗಾದಿಯ ಒಬ್ಬಟ್ಟು ಉಳಿದಿದೆಯೇ?" ಎಂದರಂತೆ. ಹಬ್ಬದಲ್ಲಿ ಉಳಿದದ್ದು ಫ್ರಿಜ್ಜಿನಲ್ಲಿತ್ತು. ಮನೆಯಾಕೆ ಬಿಸಿ ಮಾಡಿ ತುಪ್ಪ ಹಾಕಿ ಬಡಿಸಿದರು. ತಿಂದು, ಇನ್ನೊಂದು ಕೇಳಿ ತಿಂದು, ತಟ್ಟೆ ಕೈಯಲ್ಲಿ ಹಿಡಿದು, "ಈಗ ಒಂದು ಫೋಟೋ ತೆಗೆದು ಎಲ್ಲರಿಗೂ ಕಳಿಸಿ. ತುಪ್ಪ ಕಾಣಲಿ" ಎಂದರು.

ಶುಕ್ರವಾರ ಸಂಜೆ ನಾಗೇಂದ್ರನ ಮನೆಯಲ್ಲಿ ತುರ್ತು ಸಭೆ ಸೇರಿತು. ನಾನು ಆಹ್ವಾನಿತ. ಪೋಷಕರು ಪೇಟವನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಮೇಜಿನ ನಡುವೆ, ಉಪ್ಪಿಟ್ಟಿನ ಪಕ್ಕದಲ್ಲಿ ಇಟ್ಟರು. "ನಾನು ಅಪರಾಧಿ. ಹೊರಹಾಕಿ" ಎಂದರು.

"ಸರ್, ನೀವು ದೊಡ್ಡೋರು, ನಿಮಗೆ ಗೊತ್ತಿರ್ಲಿಲ್ಲ. ಬಿಟ್ಬಿಡೋಣ" ಎಂದು ನಾಗೇಂದ್ರ ಇಂಗ್ಲಿಷಿನಲ್ಲೂ, ನಮಗಾಗಿ ಕನ್ನಡದಲ್ಲೂ ಹೇಳಿದ.

"ಗೊತ್ತಿತ್ತು. ಗೊತ್ತಿದ್ದೇ ತಿಂದೆ."

ಖಜಾಂಚಿ ರವಿ ಒಂದು ದಾರಿ ಹುಡುಕಿದ. "ಅಲ್ಲಾ ನಾಗೇಂದ್ರ, ರೂಲಲ್ಲಿ 'ಆ ಸಂಘದ ಊಟ' ಅಂತಿದೆ. ಫ್ರಿಜ್ಜಿಗೆ ಹೋದ್ಮೇಲೆ ಅದು ಪ್ರೈವೇಟ್ ಒಬ್ಬಟ್ಟು ಅಲ್ವಾ?"

ಈ ಬಗ್ಗೆ ಉಪ್ಪಿಟ್ಟು ಮುಗಿಯುವವರೆಗೆ ಚರ್ಚೆಯಾಯಿತು. ಸಂಘದ ಒಬ್ಬಟ್ಟು ಯಾವ ಘಳಿಗೆಯಲ್ಲಿ ಖಾಸಗಿಯಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಸಾರ್ವಜನಿಕವಾಗುತ್ತದೆಯೇ ಎಂಬುದರ ಬಗ್ಗೆ ನಮ್ಮ ಸಾಫ್ಟ್‌ವೇರ್ ಮೇಧಾವಿಗಳು ಆಡಿದ ಮಾತುಗಳನ್ನು ಯಾವ ಉಚ್ಚ ನ್ಯಾಯಾಲಯವೂ ತಲೆದೂಗಿ ಕೇಳಬಹುದಾಗಿತ್ತು. ಪೋಷಕರು ಆಸಕ್ತಿಯಿಂದ ಕೇಳಿ, ಆಮೇಲೆ ಒಂದು ಸಂಗತಿ ಹೇಳಿದರು.

"ನನ್ನ ದೇಶದ ಮೊದಲ ರಾಷ್ಟ್ರಾಧ್ಯಕ್ಷರು ನಮ್ಮ ದೇಶೀ ಆಟಗಳ ಸಂಘಕ್ಕೆ ಬಹಳ ಕಾಲದಿಂದ ಪೋಷಕರು. ಸತ್ತುಹೋಗುತ್ತಿದ್ದ ನಮ್ಮ ಭಾಷೆಗೆ ಜೀವ ಕೊಡಲು ಬಾಳು ತೇಯ್ದವರು. ಅಧ್ಯಕ್ಷರಾದ ಮೇಲೆ, ದೇಶದ ಮುಖ್ಯಸ್ಥರೆಂದು, ಒಂದು ಫುಟ್‌ಬಾಲ್ ಪಂದ್ಯಕ್ಕೆ ಹೋಗಿ ಕುಳಿತರು. ಸಂಘ ಅವರನ್ನು ಪೋಷಕ ಸ್ಥಾನದಿಂದ ಕಿತ್ತುಹಾಕಿತು. ಅಂಥವರನ್ನೇ ಬಿಡಲಿಲ್ಲ. ನೀವು ನನ್ನನ್ನು ಬಿಟ್ಟರೆ ನಿಯಮಕ್ಕೆ ಅವಮಾನ. ಇಲ್ಲ, ನನ್ನನ್ನು ಬಿಡುವುದಾದರೆ ಆ ಹುಡುಗಿಯನ್ನೂ ಬಿಡಿ. ಅವಳು ಒಂದು ತಿಂದಳು, ನಾನು ಎರಡು."

ಇಷ್ಟು ಹೇಳಿದ ಮೇಲೆ ಸಮಿತಿ ನಾಚಿ ಠರಾವು ಹಿಂತೆಗೆದುಕೊಂಡಿತು ಎಂದು ಬರೆಯಲು ನನಗೂ ಆಸೆಯಿದೆ. ಆದರೆ ಅವರು ಸಮಿತಿಯನ್ನು ತಿಳಿದಿದ್ದಷ್ಟು ನಾನು ತಿಳಿದಿರಲಿಲ್ಲ. ನಾಗೇಂದ್ರ ಹಣೆ ಒತ್ತಿಕೊಂಡು, "ರೂಲ್ ಅಂದ್ರೆ ರೂಲ್ ಸರ್. ಒಬ್ರಿಗೆ ಎಕ್ಸೆಪ್ಷನ್ ಮಾಡಿದ್ರೆ ನಾಳೆ ಎಲ್ರೂ ಆ ಕಡೆ ಊಟಕ್ಕೆ ಹೋಗ್ತಾರೆ" ಎಂದ.

"ಹೋಗ್ತಾರೆ. ಊಟ ಚೆನ್ನಾಗಿತ್ತಂತಲ್ಲ" ಎಂದ ರವಿ.

"ಅದೇ ಕಣೋ ಪ್ರಾಬ್ಲಮ್ಮು!"

ಹಾಗೆ, ಸರ್ವಾನುಮತದಿಂದ, ವಿಷಾದಪೂರ್ವಕವಾಗಿ, ಪೋಷಕರನ್ನು ತೆಗೆದುಹಾಕಲಾಯಿತು. ಅವರು ಎದ್ದು ಎಲ್ಲರ ಕೈಕುಲುಕಿದರು. ಪೇಟ ಮೇಜಿನ ಮೇಲೆ ಉಳಿಯಿತು. ದಾರಿಯಲ್ಲಿ ನಾನು ಸಪ್ಪಗೆ ನಡೆಯುತ್ತಿದ್ದೆ. ಅವರು ಶಿಳ್ಳೆ ಹಾಕುತ್ತಿದ್ದರು.

"ಸೋತೆವಲ್ಲ" ಎಂದೆ.

"ಇನ್ನೂ ಭಾನುವಾರ ಬರಲಿಲ್ಲ. ಅಪ್ಪ ಒಬ್ಬನೇ ಹೊರಗೆ ನಿಂತಿದ್ದ, ಅದೇ ಅವನಿಗೆ ಕಷ್ಟವಾದದ್ದು. ಈ ಹುಡುಗಿ ಒಬ್ಬಳೇ ನಿಲ್ಲಬಾರದು, ಅಷ್ಟೇ. ಅವಳನ್ನು ಬರಹೇಳಿ. ಆಡುವುದಕ್ಕಲ್ಲ, ನೋಡುವುದಕ್ಕೆ."

ಸುಮಾ ಬರುವುದಿಲ್ಲ ಎಂದಳು. ಫೋನಿನಲ್ಲಿ ಅವರೇ ಮಾತಾಡಿದ ಮೇಲೆ ಬಂದಳು.

ಭಾನುವಾರ ಹತ್ತಿರದ ಊರಾದ ಡೀಮೆನ್‌ನ ಕನ್ನಡ ಹುಡುಗರ ತಂಡದೊಡನೆ ಪಂದ್ಯ. ಗೆರೆಯಾಚೆ ಎರಡು ಮಡಿಸುವ ಕುರ್ಚಿ ಹಾಕಿಕೊಂಡು ಹೊರಹಾಕಲ್ಪಟ್ಟವರಿಬ್ಬರೂ ಕುಳಿತರು. ನಡುವೆ ಚಹಾದ ಫ್ಲಾಸ್ಕು. ಅವರು ಛತ್ರಿ ಹಿಡಿದು ಸುಮಾಳಿಗೆ ಹರ್ಲಿಂಗ್ ಹೊಡೆತ ತೋರಿಸುತ್ತಿದ್ದರು. ಅವಳು ಬಿಗಿದ ಮುಖದಲ್ಲೇ ನೋಡುತ್ತಿದ್ದಳು. ಕಣ್ಣು ಮಾತ್ರ ಚೆಂಡಿನ ಮೇಲೆ.

ನಮ್ಮ ಕಡೆ ಹತ್ತೇ ಜನ. ಅಂಪೈರ್ ಇಲ್ಲ. ನಾಗೇಂದ್ರ ತಾನೇ ಅಂಪೈರಾಗಿ ನಿಂತು ಮೊದಲ ಓವರಿನಲ್ಲೇ ಎದುರಾಳಿಯ ಒಬ್ಬನಿಗೆ ಔಟ್ ಕೊಟ್ಟ. ಡೀಮೆನ್‌ನ ನಾಯಕ ಮಂಡ್ಯದ ಹುಡುಗ, ಬ್ಯಾಟು ಕಂಕುಳಲ್ಲಿಟ್ಟುಕೊಂಡು ಬಂದ. "ಏನಣ್ಣಾ, ಬ್ಯಾಟ್ಗೂ ಬಾಲ್ಗೂ ಮೊಳದ್ದೂರ ಇತ್ತು! ನಿಮ್ ಕಣ್ಗೆ ಔಟು ಬುಟ್ರೆ ಇನ್ನೇನೂ ಕಾಣಾಕಿಲ್ವಾ?" ಮಾತಿಗೆ ಮಾತು ಬೆಳೆಯಿತು. ಅವರ ಹುಡುಗರು ಕಿಟ್ ಕಟ್ಟತೊಡಗಿದರು. ಆಟ ಅಲ್ಲಿಗೇ ನಿಲ್ಲುವುದರಲ್ಲಿತ್ತು.

ನಾಗೇಂದ್ರ ಸುತ್ತ ನೋಡಿದ. ಆಮೇಲೆ ತಲೆ ಬಗ್ಗಿಸಿಕೊಂಡು ಬಯಲನ್ನೆಲ್ಲ ದಾಟಿ ಆ ಎರಡು ಕುರ್ಚಿಗಳ ಮುಂದೆ ಬಂದು ನಿಂತ. ಸ್ಕೋರಿನ ಮೇಜು ಪಕ್ಕದಲ್ಲೇ ಇದ್ದದ್ದರಿಂದ ನನಗೆ ಎಲ್ಲ ಕೇಳುತ್ತಿತ್ತು.

"ಸರ್, ಇವತ್ತೊಂದಿನ ಬನ್ನಿ ಸರ್."

"ನಾನು ನಿಷೇಧಿತ."

"ಯಾರೂ ನೋಡಲ್ಲ ಸರ್."

"ನೋಡುತ್ತಾರಪ್ಪ. ನೋಡುವವರು ಇಲ್ಲದ ಸಂಘವನ್ನು ನಾನು ಕಂಡಿಲ್ಲ. ನೋಡಲಿ ಬಿಡು. ಆದರೆ ನಾವು ಜೋಡಿ. ಬಂದರೆ ಇಬ್ಬರೂ."

ನಾಗೇಂದ್ರ ಸುಮಾಳ ಕಡೆ ತಿರುಗಿದ. ಏನೋ ಹೇಳಲು ಬಾಯಿ ತೆರೆದ; ಕ್ಷಮೆಯೋ, ನಿಯಮದ ತಿದ್ದುಪಡಿಯೋ ಗೊತ್ತಿಲ್ಲ. ಹೊರಬಂದದ್ದು ಚೆಂಡು. ಜೇಬಿನಿಂದ ತೆಗೆದು ಅವಳ ಕೈಗಿಟ್ಟ. ಅವಳು ಎದ್ದಳು. ಹಿರಿಯರೂ ಅವಳೂ ಒಟ್ಟಿಗೆ ಗೆರೆ ದಾಟಿ ಒಳಗೆ ಹೋದದ್ದನ್ನು ಎರಡೂ ತಂಡದವರು ನೋಡಿದರು. ಡೀಮೆನ್‌ನವರು ಚಪ್ಪಾಳೆ ತಟ್ಟಿದರು. ನಮ್ಮವರು ಬೂಟಿನ ಲೇಸು ಕಟ್ಟಿಕೊಂಡರು.

ಸುಮಾ ಚೆಂಡು ಹಾಕಿದಳು. ವಾರವಿಡೀ ನುಂಗಿದ್ದನ್ನೆಲ್ಲ ಸೇರಿಸಿ ಹಾಕಿದಂತಿತ್ತು. ಅದು ಹೊರಗೆ ಬಿದ್ದು, ಗಾಳಿಗೆ ಎದುರಾಗಿ ಒಳಕ್ಕೆ ತಿರುಗಿ, ಮಂಡ್ಯದ ನಾಯಕನ ಬ್ಯಾಟನ್ನೂ ಕಾಲನ್ನೂ ದಾಟಿ ನಡುವಿನ ಸ್ಟಂಪನ್ನು ಎಬ್ಬಿಸಿತು. ಅವಳು ಕೂಗಿದ ಕೂಗಿಗೆ ಕಾಲುವೆಯ ಬಾತುಗಳೆಲ್ಲ ಹಾರಿದವು. ಲೇಸು ಕಟ್ಟಿಕೊಳ್ಳುತ್ತಿದ್ದವರು ಓಡಿಬಂದು ಅವಳನ್ನು ಮುತ್ತಿಕೊಂಡರು. ಆಗ ನೋಡಿದರೆ ಅಂಪೈರರ ಟೊಪ್ಪಿಗೆ ತಲೆಯ ಮೇಲೇ ಇದೆ. ಬಲಗೈ ಅಡ್ಡಕ್ಕೆ ಚಾಚಿದೆ.

ನೋಬಾಲ್.

"ಅಜ್ಜಾರ!" ಎಂದಳು ಸುಮಾ, ಶುದ್ಧ ಗದಗಿನಲ್ಲಿ. "ನಿಮಗ ಮನಷ್ಯತ್ವ ಐತೇನ್ರಿ? ಎಲ್ಲಿ ದಾಟೇತಿ ಕಾಲು? ತೋರಸ್ರಿ!" ಇಡೀ ಬಯಲಿಗೆ ಕೇಳುವಂತೆ, ಉಸಿರು ತೆಗೆಯದೆ, ವಾರದ ಬಾಕಿಯನ್ನೆಲ್ಲ ತೀರಿಸಿದಳು. ಕಾಲು ದಾಟಿತ್ತು, ನಾನೂ ನೋಡಿದೆ. ಅವರು ಕೈ ಇಳಿಸಲಿಲ್ಲ.

ಸ್ಲಿಪ್ಪಿನಿಂದ ನಾಗೇಂದ್ರ ಮುಖ ಕೆಂಪು ಮಾಡಿಕೊಂಡು ಓಡಿ ಬಂದ. "ಸರ್, ಅನ್ಯಾಯ ಸರ್! ನಮ್ಮ ಹುಡುಗಿ ಕಾಲು ಒಳಗೇ ಇತ್ತು!"

ಅಂಪೈರ್ ಅವನ ಕಡೆ ಕಿವಿ ಚಾಚಿದರು. "ಯಾರ ಹುಡುಗಿ?"

"ನಮ್ಮವಳು ಸರ್! ನಮ್ಮ ಟೀಮಿನವಳು!"

"ಹಾಗಾದರೆ ಸರಿ" ಎಂದರು ಅವರು. "ನೋಬಾಲೇ."